ಏಳೂರಿನ ಸುರ

ಹೊಳೆಯ ಈ ದಂಡೆಯ ಮೇಲೆ ಏಳು ಊರುಗಳಿದ್ದವು. ಹಾಡು ಬಾರದ ಮನುಷ್ಯನನ್ನು ಅಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಸೋಮವಾರ ಮಠದಲ್ಲಿ ಭಜನೆ. ಗುರುವಾರ ದರ್ಗಾದಲ್ಲಿ ಹಾಡಿಕೆ. ಶನಿವಾರ ಹನುಮಪ್ಪನ ಗುಡಿಯಲ್ಲಿ ಮತ್ತೆ ಭಜನೆ. ಕ್ಷೌರ ಮಾಡುವವನು ತಾಳ ಹಾಕುತ್ತಿದ್ದ. ಕುಸ್ತಿಯ ಪೈಲ್ವಾನ ತಬಲಾ ಬಾರಿಸುತ್ತಿದ್ದ. ಎರಡು ಊರುಗಳಲ್ಲಿ ಶಾಲೆ ಇರಲಿಲ್ಲ. ಪೇಟಿ ಇಲ್ಲದ ಊರು ಮಾತ್ರ ಒಂದೂ ಇರಲಿಲ್ಲ. ಹಾರ್ಮೋನಿಯಮ್ಮಿಗೆ ಅಲ್ಲಿಯ ಜನ ಪೇಟಿ ಎನ್ನುತ್ತಾರೆ.

ಎಲ್ಲ ಪೇಟಿಗಳೂ ಹಿಡಿಯುತ್ತಿದ್ದದ್ದು ಒಂದೇ ಸುರ. ಮೊದಲನೆಯ ಕರಿ ಪಟ್ಟಿ. ಕರಿ ಒಂದು.

ದುಂಡಪ್ಪಜ್ಜ ಎಂಬ ತತ್ವಪದದ ಗುರು ಮೊದಲ ಪೇಟಿಯನ್ನು ಆ ದಂಡೆಗೆ ತಂದು ಹಾಡಿದ್ದು ಆ ಸುರದಲ್ಲಿ. ಅಜ್ಜ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಸುರ ಬದಲಾಗಿರಲಿಲ್ಲ.

ಈಗ ಮಠದಲ್ಲಿ ಪದ ಕಲಿಸುವವಳು ಅಜ್ಜನ ಹೆಂಡತಿ ಪಾರೋತೆವ್ವ. ಎಪ್ಪತ್ತು ದಾಟಿದ ಮುದುಕಿ. ಕೈಯಲ್ಲಿ ಒಂದು ಏಕತಾರಿ. ಮಾತು ಕಡಿಮೆ.

ಅವಳ ಶಿಷ್ಯೆ ಫಕೀರವ್ವ ಕಾಯಿಪಲ್ಲೆ ಮಾರುವವಳು. ಹಗಲೆಲ್ಲ ಬುಟ್ಟಿ ಹೊತ್ತು ಊರೂರು ತಿರುಗಿ, ಸಂಜೆ ಮಠಕ್ಕೆ ಬಂದು ಹತ್ತು ವರ್ಷ ಕಲಿತಿದ್ದಳು. ಮುನ್ನೂರು ಪದ ಬಾಯಿಪಾಠ. ಒಂದಕ್ಷರ ತಪ್ಪುತ್ತಿರಲಿಲ್ಲ.

ದನಿ ಮಾತ್ರ ಏಳುತ್ತಿರಲಿಲ್ಲ. ಕೆಳಗೆ ಹಾಡಿದರೆ ಬಾವಿಗೆ ಬಿದ್ದಂತೆ ಮುಳುಗುತ್ತಿತ್ತು. ಮೇಲೆ ಹಾಡಿದರೆ ಹಳೆಯ ಬಟ್ಟೆಯಂತೆ ಸೀಳುತ್ತಿತ್ತು.

ಪ್ರತಿ ಬೇಸಿಗೆ ಹೊಳೆ ಇಳಿದು ಮರಳದಿಬ್ಬ ಮೇಲೆದ್ದಾಗ ಏಳೂರಿನ ಮೇಳಗಳು ಅಲ್ಲಿ ಸೇರುತ್ತಿದ್ದವು. ಬೆಳಗಿನಿಂದ ಮಧ್ಯಾಹ್ನದವರೆಗೆ ಹಾಡು. ನಡುವೆ ಒಂದು ಕಂಬಳಿ. ಕಂಬಳಿಯ ಮೇಲೆ ಕೂತು ಪದ ಎತ್ತುವವರು ಮುಮ್ಮೇಳ. ಹಿಂದೆ ಕೂತು ಪದ ಹಿಡಿಯುವವರು ಹಿಮ್ಮೇಳ. ಕಂಬಳಿಯ ಮೇಲೆ ಗೆದ್ದವರಿಗೆ ಮುಂದಿನ ಬೇಸಿಗೆಯವರೆಗೆ ಏಳೂರಲ್ಲೂ ಮೊದಲ ಪದ ಹಾಡುವ ಹಕ್ಕು.

ಆ ಕಂಬಳಿಯ ಮೇಲೆ ಹೆಂಗಸು ಕೂತದ್ದು ಒಂದೇ ಸಲ. ಕಳೆದ ವರ್ಷ, ಫಕೀರವ್ವ. ಹಟ ಹಿಡಿದು ಕೂತಿದ್ದಳು. ಎರಡನೆಯ ನುಡಿಯಲ್ಲಿ ದನಿ ಒಡೆದು ಹೋಯಿತು.

“ಕಪ್ಪಿ ನುಂಗಿದಂಗ ಆತಲ್ಲೋ ಈಕೀಗೆ!” ಎಂದು ಯಾರೋ ಅಂದರು. ಏಳೂರೂ ನಕ್ಕಿತ್ತು.

ಈ ವರ್ಷ ಮೇಳದ ಹಿರಿಯರು ಹೇಳಿ ಕಳಿಸಿದರು. ಆಕೆ ಇನ್ನೊಂದು ಸಲ ಕೂಡಲಿ. ಈ ಸಲವೂ ದನಿ ಒಡೆದರೆ, ಕಂಬಳಿಯ ಮಾತನ್ನು ಯಾವ ಹೆಂಗಸೂ ಮತ್ತೆ ಎತ್ತಕೂಡದು.

ಮೇಳಕ್ಕೆ ಎಂಟು ದಿನ ಉಳಿದಿತ್ತು. ಫಕೀರವ್ವ ಮಠಕ್ಕೆ ಬಂದು ಗುರುವಿನ ಮುಂದೆ ಕೂತಳು.

“ಅವ್ವಾರ, ಮೆಣಸು ತಿಂದೆ. ಜೇಷ್ಠಮಧು ಅಗದೆ. ನಸಿಕಿನ್ಯಾಗ ಹೊಳಿಯೊಳಗ ಕುತ್ತಿಗಿಮಟ ನಿಂತು ಒದರಿದೆ. ದನಿ ಬರವಲ್ದು.”

“ನಸಿಕಿನ್ಯಾಗ ಒದರಿದಾಕಿ ನೀನಾ? ಯಾರದೋ ಎಮ್ಮಿ ಈಯಾಕ ಹತ್ತೇತಿ ಅನ್ಕೊಂಡಿದ್ದೆ.”

“ನಗಬ್ಯಾಡ್ರಿ ಅವ್ವಾರ. ನನ್ನ ಒಬ್ಬಾಕೀದ ಮಾತಾಗಿದ್ರ ಬಿಟ್ಟು ಬಿಡತಿದ್ದೆ. ಈ ಸಲ ನಾ ಬಿದ್ರ ನನ್ನ ಹಿಂದ ಬರೋ ಹೆಣಮಕ್ಕಳೆಲ್ಲಾ ಬಿದ್ದಂಗ.”

ಪಾರೋತೆವ್ವ ಏಕತಾರಿಯನ್ನು ಗೋಡೆಗೆ ಒರಗಿಸಿದಳು.

“ನಾಳೆ ಏನ ಮಾರತಿ?”

“ಮೆಂತೆ, ರಾಜಗಿರಿ, ಬದನಿಕಾಯಿ ಅದಾವ್ರಿ.”

“ಕರಿ ಒಂದರಾಗ ಮಾರು.”

“ಏನ್ರಿ?”

“ಇಲ್ಲಿ ಹೆಂಗ ಹಾಡತಿ, ಅಲ್ಲಿ ಹಂಗ ಕೂಗು. ಈ ಸುರ ಬಿಟ್ಟು ಒಂದ ಕೂಗ ಹಾಕಬಾರದು. ಬುಟ್ಟಿ ಖಾಲಿ ಆದಮ್ಯಾಲ ಬಾ.”

ಗುರು ಹೇಳಿದ ಮೇಲೆ ಮುಗಿಯಿತು. ಮರುದಿನ ಫಕೀರವ್ವ ಬುಟ್ಟಿ ಹೊತ್ತು ಮೊದಲ ಓಣಿಯ ಬಾಯಲ್ಲಿ ನಿಂತಳು. ಗಂಟಲು ಇಳಿಸಿ, ಮಠದ ಸುರ ಹಿಡಿದು ಕೂಗಿದಳು.

“ಮೆಂತೆ ಪಲ್ಲೆ… ರಾಜಗಿರಿ…”

ಯಾರೂ ಹೊರಗೆ ಬರಲಿಲ್ಲ.

ಎರಡನೆಯ ಓಣಿಯಲ್ಲಿ ಒಂದು ನಾಯಿ ತಲೆಯೆತ್ತಿ ನೋಡಿತು. ಮತ್ತೆ ಮಲಗಿತು.

ಮೂರನೆಯ ಓಣಿಯಲ್ಲಿ ಹಪ್ಪಳ ಒಣಹಾಕುತ್ತಿದ್ದ ಮುದುಕಿಯೊಬ್ಬಳು ಕಿವಿಗೆ ಕೈ ಹಚ್ಚಿದಳು.

“ಯಾರ ಮನ್ಯಾಗ ತೀರಿಕೊಂಡಾರ ಬೇ?”

“ಯಾರೂ ತೀರಿಕೊಂಡಿಲ್ಲ ಆಯಿ. ಕಾಯಿಪಲ್ಲೆ ತಂದೀನಿ.”

“ಅಯ್ಯ, ನೀನಾ? ಮೈಯಾಗ ಅರಾಮಿಲ್ಲೇನ? ದಿನಾ ನಿನ್ನ ಕೂಗ ಕೇಳಿದಮ್ಯಾಲ ನಾ ಎಸರಿಡತೀನಿ. ಇವತ್ತ ಇನ್ನೂ ಒಲೀನ ಹಚ್ಚಿಲ್ಲ ನೋಡು.”

“ದಿನಾ ಎಲ್ಲಿಂದ ಕೇಳತೈತಿ ಆಯಿ?”

“ನೀ ಕುಂಬಾರ ಓಣಿಯಾಗ ಇದ್ದಾಗನ ಕೇಳತೈತಿ. ಹೊಲದಾಗ ಕಳೆ ತಗಿಯೋ ನನ್ನ ಸೊಸೀಗೂ ಕೇಳತೈತಿ. ಇವತ್ತ ಮಾತ್ರ ನನ್ನ ಮುಂದ ನಿಂತರೂ ಕೇಳವಲ್ದು. ಮನೀಗ ಹೋಗಿ ಕಷಾಯ ಕುಡಿ, ಹೋಗು.”

ಸಂಜೆ ಫಕೀರವ್ವ ತುಂಬಿದ ಬುಟ್ಟಿಯನ್ನು ಗುರುವಿನ ಮುಂದೆ ದೊಪ್ಪನೆ ಇಳಿಸಿದಳು.

“ಖಾಲಿ ಆದಮ್ಯಾಲ ಬಾ ಅಂದಿದ್ದೆ.”

“ಆಗಲಿಲ್ರಿ. ಮೆಂತೆ ಬಾಡಿ ಹೋತು. ಊರ ಮಂದಿ ನನಗ ಜ್ವರ ಬಂದೈತಿ ಅಂತ ತಿಳಕೊಂಡ್ರು.”

“ದಿನಾ ಊರೂರು ಕೂಗತಿ. ಗಂಟಲಾ ನೋಯ್ತೈತೇನ?”

“ಇಲ್ರಿ. ಹತ್ತ ವರ್ಷದಾಗ ಒಂದಿನಾ ನೊಂದಿಲ್ಲ.”

“ಇಲ್ಲಿ ಹಾಡಿದ್ರ?”

“ದಿನಾ ನೋಯ್ತೈತಿ.”

ಪಾರೋತೆವ್ವ ಬಾಡಿದ ಮೆಂತೆಯ ಒಂದು ಸಿವುಡನ್ನು ಎತ್ತಿ ಶಿಷ್ಯೆಯ ಕೈಗೆ ಕೊಟ್ಟಳು.

“ಹಂಗಾರ ಇಲ್ಲಿ ಒಂದ ಸಲ ಮಾರು.”

“ಮಠದಾಗರಿ?”

“ಮಠದಾಗ. ಓಣಿಯಾಗ ಹೆಂಗ ಕೂಗತಿ, ಹಂಗ.”

ಫಕೀರವ್ವ ಎದ್ದು ನಿಂತಳು. ಗದ್ದುಗೆಯ ಕಡೆ ಒಮ್ಮೆ ನೋಡಿದಳು. ಆ ಮೇಲೆ ಕಣ್ಣು ಮುಚ್ಚಿ ಕೂಗಿದಳು.

“ಮೆಂತೇ ಪಲ್ಲ್ಯೇ…! ಏ ರಾಜಗಿರೀ…!”

ಮಾಳಿಗೆಯ ಮೇಲಿನ ಪಾರಿವಾಳಗಳು ಒಮ್ಮೆಲೇ ಎದ್ದವು. ಹೊಳೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಅಲ್ಲಿಂದಲೇ ಕೈ ಬೀಸಿದಳು.

“ಈ ದಂಡಿಗೂ ಬಾ ಬೇ! ನನಗೆರಡ ಸಿವುಡು ಇಡು!”

ಪಾರೋತೆವ್ವ ಏಕತಾರಿ ಎತ್ತಿಕೊಂಡಳು. ಶಿಷ್ಯೆಯ ಕೂಗು ಇನ್ನೂ ಕಿವಿಯಲ್ಲಿರುವಾಗಲೇ ಬಿರಡೆ ತಿರುಗಿಸುತ್ತ ಹೋದಳು. ತಂತಿ ಆ ಕೂಗಿಗೆ ಬಂದು ಕೂತಿತು. ಮೂಲೆಯ ಪೇಟಿ ತೆರೆದು ಬೆರಳು ಇಟ್ಟು ಹುಡುಕಿದಳು.

“ಕರಿ ಐದು” ಎಂದಳು. “ಇದು ನಿನ್ನ ಸುರ.”

ಫಕೀರವ್ವ ಸಿವುಡನ್ನು ಬುಟ್ಟಿಗೆ ಹಾಕಿದಳು.

“ಅವ್ವಾರ, ಅದು ಸಂತಿ ದನಿ. ಬದನಿಕಾಯಿ ಮಾರೋ ದನಿಯೊಳಗ ಶಿವನ ಪದಾ ಹೆಂಗ ಹಾಡಲಿ? ಕರಿ ಒಂದು ಅಜ್ಜಾರ ಸುರ.”

“ಅಜ್ಜಗ ಅದು ಎಲ್ಲಿಂದ ಬಂತು?”

“ತಪಸ್ಸಿನಿಂದ ಬಂತು ಅಂತಾರ್ರಿ.”

ಮುದುಕಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ನಾ ಅವನ ಹೇಂತಿ. ನನ್ನ ಕೇಳು. ಅವ ದನದ ಸಂತ್ಯಾಗ ದಲಾಲಿ ಮಾಡತಿದ್ದ. ‘ಎಂಟ ಹಲ್ಲಿನ ಹೋರಿ, ನೋಡ ಬರ್ರಿ ಹೋರಿ’ ಅಂತ ಹೊತ್ತ ಮುಳಗೋತನಕಾ ಕೂಗತಿದ್ದ. ಪೇಟಿ ತಂದ ದಿನ ಆ ಕೂಗ ಯಾವ ಪಟ್ಟೀಗೆ ಕೂಡತೈತಿ ಅಂತ ಹುಡುಕಿದ. ಕರಿ ಒಂದು ಸಿಕ್ಕಿತು.”

ಫಕೀರವ್ವ ಬಗ್ಗಿ ಪೇಟಿಯ ಮೊದಲ ಕರಿ ಪಟ್ಟಿಯನ್ನು ಮುಟ್ಟಿ ನೋಡಿದಳು.

“ಹೋರಿ ಮಾರೋ ದನಿ ಶಿವಗ ನಡೀತು” ಎಂದಳು ಮುದುಕಿ. “ಬದನಿಕಾಯಿ ಮಾರೋ ದನಿ ಯಾಕ ನಡಿಯೂದಿಲ್ಲ?”

ಶಿಷ್ಯೆ ಗುರುವಿನ ಕಡೆ ತಿರುಗಿದಳು.

“ಹತ್ತ ವರ್ಷ ಇದನ್ನ ಯಾಕ ಹೇಳಲಿಲ್ರಿ?”

“ನನಗೂ ಗೊತ್ತಿರಲಿಲ್ಲ. ಹೋದ ವರ್ಷ ನೀ ಕಂಬಳಿ ಮ್ಯಾಲ ಬಿದ್ದ ಮರುದಿನ ಅಳಕೋತ ಮಾರಾಕ ಬಂದಿದ್ದಿ. ಅಳುವಾಗೂ ನಿನ್ನ ಕೂಗ ಒಡದಿರಲಿಲ್ಲ. ಅವತ್ತ ತಿಳೀತು.”

“ಅವತ್ತ ತಿಳದಿತ್ತಂದ್ರ, ವರ್ಷ ಯಾಕ ಸುಮ್ಮನಿದ್ರಿ?”

“ನೀ ಕೇಳಲಿಲ್ಲ. ಮೆಣಸು ತಿನಕೋತ ಇದ್ದಿ.”

ಫಕೀರವ್ವನಿಗೆ ಸಿಟ್ಟು ಬಂತು, ನಗೆಯೂ ಬಂತು.

“ನಾಳಿಂದ ಮಠಕ್ಕ ಬರಬ್ಯಾಡ” ಎಂದಳು ಪಾರೋತೆವ್ವ.

“ಮತ್ತ ಅಭ್ಯಾಸ?”

“ಬುಟ್ಟಿ ಐತೆಲ್ಲ.”

ಉಳಿದ ದಿನಗಳಲ್ಲಿ ಏಳೂರಿನ ಓಣಿಗಳು ಹೊಸ ಹಾಡು ಕೇಳಿದವು. ಮೆಂತೆ, ರಾಜಗಿರಿ, ನಡುವೆ ಒಂದು ತತ್ವಪದ, ಮತ್ತೆ ಬದನೆಕಾಯಿ. ಕೊಳ್ಳುವವರೂ ಬಂದರು, ಕೊಳ್ಳದವರೂ ಬಂದರು. ಮಧ್ಯಾಹ್ನಕ್ಕೆ ಮುಂಚೆ ಬುಟ್ಟಿ ಖಾಲಿ.

ಮೇಳದ ದಿನ ಬಂತು.

ಮರಳದಿಬ್ಬದ ಮೇಲೆ ಏಳೂರಿನ ಜನ ಕೂತಿದ್ದರು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಹೆಂಗಸರ ಮೊದಲ ಸಾಲಿನಲ್ಲಿ ಪಾರೋತೆವ್ವ. ಕಂಬಳಿಯ ಪಕ್ಕದಲ್ಲಿ ಪೇಟಿ ಮಾಸ್ತರ ಈರಸಂಗಪ್ಪ. ಅಜ್ಜನ ಹಿರಿಯ ಶಿಷ್ಯ. ಅವನ ಬೆರಳಿಗೆ ಸರಿಗಟ್ಟುವ ಬೆರಳು ಆ ದಂಡೆಯಲ್ಲಿ ಇರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಉಳಿದ ಮೇಳಗಳ ಹಾಡೆಲ್ಲ ಮುಗಿದ ಮೇಲೆ, ಕೊನೆಗೆ ಫಕೀರವ್ವನ ಹೆಸರು ಕೂಗಿದರು. ಅವಳು ಗುರುವಿನ ಕಾಲು ಮುಟ್ಟಿ, ಏಕತಾರಿ ತೆಗೆದುಕೊಂಡು ಕಂಬಳಿಯ ಮೇಲೆ ಕೂತಳು.

“ಮಾಸ್ತರ, ಕರಿ ಐದು ಹಿಡೀರಿ.”

ಮಾಸ್ತರನ ಕೈ ನಿಂತಿತು.

“ಏನಂದಿ?”

“ಕರಿ ಐದು.”

“ತಂಗೀ, ಇದೇನ ತಕ್ಕಡಿ ಅಲ್ಲ, ನಿನಗ ಬೇಕಾದಂಗ ಏರಿಸಿ ಇಳಿಸಾಕ. ಇದು ಏಳೂರಿನ ಸುರ. ಅಜ್ಜಾರ ಸುರ. ನಲವತ್ತ ವರ್ಷ ಈ ಬೆರಳ ಬ್ಯಾರೆ ಪಟ್ಟಿ ಮ್ಯಾಲ ಕುಂತ ಪದಾ ಎತ್ತಿಲ್ಲ.”

ಗಂಡಸರ ಕಡೆಯಿಂದ ಒಂದು ದನಿ ಬಂತು. “ಪಟ್ಟಿ ಬದಲಿ ಮಾಡಿದ್ರ ಗಂಟಲಾ ಬದಲಿ ಆಗತೈತೇನಬೇ?”

ನಗೆ ಹರಡಿತು.

“ಹಿಡಿಯೂದಿಲ್ಲೇನ್ರಿ ಮಾಸ್ತರ?”

“ಸತ್ತರೂ ಹಿಡಿಯೂದಿಲ್ಲ.”

ಫಕೀರವ್ವ ಗುರುವಿನ ಕಡೆ ನೋಡಿದಳು. ಗುರು ಕಣ್ಣು ಮುಚ್ಚಿ ಕೂತಿದ್ದಳು.

ಹೋರಿಯ ಮಾತು ಫಕೀರವ್ವನ ನಾಲಿಗೆಯ ತುದಿಗೆ ಬಂತು. ಏಳೂರ ಮುಂದೆ ಅದನ್ನು ಒಗೆದಿದ್ದರೆ ಮಾಸ್ತರ ತಲೆ ಎತ್ತುತ್ತಿರಲಿಲ್ಲ. ಅವಳು ಅದನ್ನು ನುಂಗಿದಳು. ಮಾತಿನಿಂದ ಗೆಲ್ಲಲು ಅವಳು ಬಂದಿರಲಿಲ್ಲ.

“ಹಂಗಾರ ಪೇಟಿ ಬ್ಯಾಡ್ರಿ” ಎಂದಳು.

ನಗೆ ನಿಂತಿತು. ಪೇಟಿಯ ಆಸರೆ ಇಲ್ಲದೆ ಆ ಕಂಬಳಿಯ ಮೇಲೆ ನಲವತ್ತು ವರ್ಷದಲ್ಲಿ ಯಾರೂ ಹಾಡಿರಲಿಲ್ಲ.

ಫಕೀರವ್ವ ಬಿರಡೆ ತಿರುಗಿಸಿದಳು. ತಂತಿ ಮೀಟಿದಳು. ಬೆನ್ನು ನೆಟ್ಟಗೆ ಮಾಡಿ, ಓಣಿಯ ಬಾಯಲ್ಲಿ ನಿಂತಂತೆ ಬಾಯಿ ತೆರೆದಳು.

“ಹೊಳಿಯಾಗ ಬಿದ್ದಾನ ಸೂರ್ಯ… ಬಲಿ ಬೀಸಿ ಹಿಡಿಯಾಕ ಬಂದೆ…”

ಮರಳದಿಬ್ಬ ತುಂಬಿತು.

ಹಿಂದಿನ ಸಾಲಿನವರು ಮುಂದೆ ಬಗ್ಗುವುದನ್ನು ಬಿಟ್ಟರು. ಬಗ್ಗುವ ಅಗತ್ಯವಿರಲಿಲ್ಲ. ದನಿಯೇ ಅವರ ಹತ್ತಿರ ಬಂದಿತ್ತು. ಎಲೆ ಅಡಿಕೆ ಮೆಲ್ಲುತ್ತಿದ್ದವರ ದವಡೆ ನಿಂತಿತು.

ಎರಡನೆಯ ನುಡಿ ಬಂತು. ಕಳೆದ ವರ್ಷ ಒಡೆದದ್ದು ಅಲ್ಲಿಯೇ.

“ಹಿಡಿದರ ನೀರು… ಬಿಟ್ಟರ ಬೆಳಕು…”

ದನಿ ಏರಿತು. ಇನ್ನೂ ಏರಿತು. ಏರಿದ ಜಾಗದಲ್ಲಿ ನಿಂತು, ಅಲ್ಲಿಂದ ಏಳೂರನ್ನೂ ನೋಡಿ, ತನಗೆ ಬೇಕಾದಾಗ ಇಳಿಯಿತು.

ಹಿಮ್ಮೇಳದ ಹೆಂಗಸರು ಆ ಸಾಲನ್ನು ಹಿಡಿದರು. ಅರವತ್ತು ಹೆಂಗಸರು. ಕರಿ ಒಂದಕ್ಕೆ ದನಿ ಕೂಡದೆ ವರ್ಷಗಟ್ಟಲೆ ತುಟಿಯಷ್ಟೇ ಅಲ್ಲಾಡಿಸಿದವರು. ಅವರ ದನಿ ಒಮ್ಮೆಲೇ ಎದ್ದಾಗ ಅವರೇ ಒಬ್ಬರ ಮುಖ ಒಬ್ಬರು ನೋಡಿದರು. ಇದು ನಾವೇನಾ?

ಗಂಡಸರು ತಡವರಿಸಿದರು. ಒಬ್ಬ ಕೆಳಗಿನ ಸ್ಥಾಯಿಯಲ್ಲಿ ದಾರಿ ಕಂಡುಕೊಂಡ. ಅವನ ಹಿಂದೆ ಇನ್ನೊಬ್ಬ. ಪೈಲ್ವಾನ ತಡೆಯಲಾರದೆ ತಬಲಾ ಎಳೆದುಕೊಂಡ.

ಈರಸಂಗಪ್ಪ ಮಾಸ್ತರ ಮಾತ್ರ ಕೈ ಕಟ್ಟಿ ಕೂತಿದ್ದ. ಮೂರನೆಯ ನುಡಿಯಲ್ಲಿ ಕಟ್ಟಿದ ಕೈ ಸಡಿಲಾಯಿತು. ನಾಲ್ಕನೆಯ ನುಡಿಯಲ್ಲಿ ಬಲಗೈ ತೊಡೆಯ ಮೇಲೆ ನುಡಿಸತೊಡಗಿತು. ಅವನು ಹಟಮಾರಿ. ಆದರೆ ಅದಕ್ಕೂ ಮೊದಲು ಅವನು ಹಾಡಿನವನು.

ಐದನೆಯ ನುಡಿಗೆ ಪೇಟಿ ಬಾಯಿ ಬಿಟ್ಟಿತು. ಕರಿ ಐದು.

ಮಾಸ್ತರನ ಕಣ್ಣುಗಳು ಮುಚ್ಚಿದ್ದವು. ಆ ದಿನ ಅವನು ನುಡಿಸಿದ್ದನ್ನು ಕೇಳಿದವರು, ಈ ಪೇಟಿಯಲ್ಲಿ ಇಷ್ಟೆಲ್ಲ ಇತ್ತೇ ಎಂದು ಆಮೇಲೆ ಬೆರಗಾದರು.

ಪದ ಮುಗಿಯಿತು. ಶಹಬ್ಬಾಸ್ ಎನ್ನುವುದು ಯಾರಿಗೂ ನೆನಪಾಗಲಿಲ್ಲ.

ಮೊದಲು ಎದ್ದವನು ಮೇಳದ ಹಿರಿಯ. ತನ್ನ ಹೆಗಲಿನ ಶಾಲು ತೆಗೆದು ಫಕೀರವ್ವನ ಮುಂದೆ ಎರಡೂ ಕೈಯಲ್ಲಿ ಹಿಡಿದ.

“ಬರೋ ಬ್ಯಾಸಗಿತನಕಾ ಏಳೂರಿನ ಮೊದಲ ಪದ ಫಕೀರವ್ವಂದು.”

ಆಗ ಕೂಗೆದ್ದಿತು. ತಾಳ, ಡಪ್ಪು, ಚಪ್ಪಾಳೆ, ಸೀಟಿ. ಹೆಂಗಸರ ನಡುವಿನಿಂದ ಒಬ್ಬಳು ಗಂಡಸರ ಕಡೆ ತಿರುಗಿ ಸೊಂಟದ ಮೇಲೆ ಕೈ ಇಟ್ಟಳು.

“ಈಗ ಹೇಳ್ರಪಾ, ಕಪ್ಪಿ ಯಾರ ಗಂಟಲಾಗ ಐತಿ?”

ಗಂಡಸರೂ ನಕ್ಕರು. ಮಾಸ್ತರ ಎಲ್ಲರಿಗಿಂತ ಜೋರಾಗಿ ನಕ್ಕ.

“ಸೋತೆ ತಂಗೀ” ಎಂದ. “ಸೋತದ್ದಕ್ಕ ಇಷ್ಟ ಸಂತೋಷ ಎಂದೂ ಆಗಿಲ್ಲ.”

ಫಕೀರವ್ವ ಕಂಬಳಿಯ ಮೇಲೆ ಎದ್ದು ನಿಂತಳು. ಹೆಗಲ ಮೇಲೆ ಶಾಲು, ಕೈಯಲ್ಲಿ ಏಕತಾರಿ, ಕಣ್ಣಲ್ಲಿ ಹತ್ತು ವರ್ಷದ ನೀರು.

“ಕೇಳ್ರಿ! ಇವತ್ತಿನಿಂದ ಏಳೂರಿನ ಸುರ ಕರಿ ಐದು!”

“ಹೌದು!” ಎಂದರು ಹೆಂಗಸರು.

“ಆತು” ಎಂದ ಮಾಸ್ತರ. “ಇನ್ನ ನಲವತ್ತ ವರ್ಷ ಕರಿ ಐದು. ಈ ಬೆರಳ ಅಲ್ಲಿಂದ ಕದಲೂದಿಲ್ಲ.”

ಆಗ ಪಾರೋತೆವ್ವ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

ಮುದುಕಿ ನಿಧಾನವಾಗಿ ಮರಳಿನಲ್ಲಿ ನಡೆದು ಬಂದಳು. ಶಿಷ್ಯೆಯನ್ನು ಪಕ್ಕಕ್ಕೆ ಸರಿಸಿದಳು. ಕಂಬಳಿಯ ಮೇಲೆ ಕೂತಳು.

ಅಜ್ಜ ಇದ್ದಾಗಲೂ ಅವಳು ಅಲ್ಲಿ ಕೂತವಳಲ್ಲ.

ಫಕೀರವ್ವ ಹಿಮ್ಮೇಳಕ್ಕೆ ಹೋಗಲಿಲ್ಲ. ಗುರುವಿನ ಮುಂದೆ ಮಂಡಿಯೂರಿ ಏಕತಾರಿಯನ್ನು ಕೈಗೆ ಕೊಟ್ಟಳು.

“ಅವ್ವಾರ, ನನ್ನ ಸುರ ನೀವು ಹುಡುಕಿ ಕೊಟ್ರಿ. ನಿಮ್ಮದು ಯಾವುದ್ರಿ?”

“ಗೊತ್ತಿಲ್ಲ ಮಗಳ. ಅವನ ಹಿಂದ ಕುಂತು ಅವನ ಸುರ ಹಿಡಿದೆ. ಅವ ಹೋದಮ್ಯಾಲೂ ಅದನ್ನ ಹಿಡಿದೆ. ನಂದು ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ.”

ಮಾಸ್ತರನ ಬೆರಳು ರೂಢಿಯ ಮೇಲೆ ಕರಿ ಒಂದಕ್ಕೆ ಹೋಯಿತು.

“ಮಾಸ್ತರ, ಕರಿ ಐದು! ಈಗ ಹೇಳಿದ್ದು ಮರತ್ರೇನು?” ಎಂದಳು ಫಕೀರವ್ವ.

ಬೆರಳು ಗಡಬಡಿಸಿ ಕರಿ ಐದಕ್ಕೆ ಓಡಿತು.

ಪಾರೋತೆವ್ವ ಬಿರಡೆ ಹಿಡಿದು ತಿರುಗಿಸಿದಳು. ಶಿಷ್ಯೆ ಬಿಗಿದಿದ್ದ ತಂತಿಯನ್ನು ಪೂರ್ತಿ ಸಡಿಲು ಬಿಟ್ಟಳು. ಅದು ಯಾವ ಸುರಕ್ಕೂ ಸೇರದೆ ಜೋತು ಬಿತ್ತು.

ಮುದುಕಿ ಬೆನ್ನು ನೆಟ್ಟಗೆ ಮಾಡಿದಳು. ಒಮ್ಮೆ ಶಿಷ್ಯೆಯನ್ನು ನೋಡಿದಳು, ಒಮ್ಮೆ ಮಾಸ್ತರನನ್ನು ನೋಡಿದಳು.

“ಇಬ್ಬರೂ ಕೈ ತಗೀರಿ. ಮೊದಲ ನಾ ಬಾಯಿ ತೆರೀತೀನಿ. ಸುರ ಆಮ್ಯಾಲ ಹುಡುಕಕೋರಿ.”